ಎಮ್ಮೆಗಾಗಿ ಸತ್ತನಂತೆ ಎನ್ನುವವರಿಗೆ

ಕಾಲುವೆಗೆ ಬಿದ್ದ ಎಮ್ಮೆಯನ್ನು ಎಳೆಯಲು ಇಳಿದವನು, ಹಾಳುಬಾವಿಗೆ ಉರುಳಿದ ಮೇಕೆಯ ಹಿಂದೆ ಹೋದವನು, ಹೊಳೆ ಏರಿದ ಮೇಲೆ ನಡುಗಡ್ಡೆಯ ಕುರಿಗಳಿಗಾಗಿ ಹರಿಗೋಲು ತಳ್ಳಿದವನು ತಿರುಗಿ ಬರಲಿಲ್ಲ ಎಂದಿಟ್ಟುಕೊಳ್ಳಿ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಅವನ ಮೇಲೆ ಮಣ್ಣು ಬೀಳುವ ಮೊದಲೇ ಒಂದು ಮಾತು ಬೀಳುತ್ತದೆ: “ಎಮ್ಮೆಗಾಗಿ ಸತ್ತನಂತೆ, ಎಂಥ ಹುಚ್ಚು!” ಹೇಳುವವರು ಕೆಟ್ಟವರಲ್ಲ. ಬಹಳ ಮಂದಿ ಸಂಕಟದಿಂದಲೇ ಹೇಳುತ್ತಾರೆ. ಆದರೆ ಆ ಮಾತು ಚಹಾ ಅಂಗಡಿಯ ಕಟ್ಟೆಯಲ್ಲೇ ಉಳಿಯುವುದಿಲ್ಲ. ಪತ್ರಿಕೆಯ ತಲೆಬರಹಕ್ಕೆ ಏರುತ್ತದೆ, ಕಚೇರಿಯ ಕಡತಕ್ಕೆ ಇಳಿಯುತ್ತದೆ, ಪರಿಹಾರ ಕೇಳಲು ಹೋದ ಹೆಂಡತಿಯ ಎದುರು ಉತ್ತರವಾಗಿ ನಿಲ್ಲುತ್ತದೆ. ಬೇಡವೆಂದರೂ ಹೋದ, ಮನುಷ್ಯನ ಜೀವಕ್ಕಿಂತ ದನದ ಜೀವ ಹೆಚ್ಚೇ, ತಾನಾಗಿ ತಂದುಕೊಂಡ ಸಾವು.

ಈ ತೀರ್ಮಾನ ಸುಳ್ಳು ಎಂಬುದು ನನ್ನ ವಾದ. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಅದು ಮುಂದಿನ ಸಾವಿಗೂ ದಾರಿ ಮಾಡಿಕೊಡುತ್ತದೆ, ಅದಕ್ಕೇ ಇಷ್ಟು ಬರೆಯಬೇಕಾಗಿದೆ.

ಕಾಲುವೆಯಿಂದಲೇ ಶುರುಮಾಡೋಣ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಹೊಸಪೇಟೆ, ಕಮಲಾಪುರ, ಹಂಪಿ ಸೀಮೆಯ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ತುಂಗಭದ್ರಾ ಜಲಾಶಯ ಬಂದ ಮೇಲೆ ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಸೇರಿಕೊಂಡವು. ಹಳೆಯ ಕಾಲುವೆಗಳ ದಂಡೆ ಕಲ್ಲು ಮಣ್ಣಿನದು. ಅಲ್ಲಲ್ಲಿ ಕಲ್ಲು ಎದ್ದಿರುತ್ತಿತ್ತು, ಬೇರು ಇಳಿದಿರುತ್ತಿತ್ತು. ಬಿದ್ದ ದನ ಎಲ್ಲೋ ಒಂದು ಕಡೆ ಗೊರಸು ಊರಿ ಹತ್ತಿ ಬರುತ್ತಿತ್ತು. ನೀರು ಸೋರಬಾರದೆಂದು ಕಾಲುವೆಗಳಿಗೆ ಕಾಂಕ್ರೀಟ್ ಹಾಸಿದೆವು. ಸೋರಿಕೆ ನಿಲ್ಲಿಸಬೇಕು, ಕೊನೆಯ ಗದ್ದೆಗೂ ನೀರು ಮುಟ್ಟಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ ನುಣುಪು ಇಳಿಜಾರಿಗೆ ಬಿದ್ದ ಜೀವ ಹೇಗೆ ಮೇಲೆ ಬರಬೇಕು ಎಂಬ ಪ್ರಶ್ನೆಯನ್ನು ಬಹುಪಾಲು ಕಡೆ ಯಾರೂ ಕೇಳಲಿಲ್ಲ.

ಅಂಥ ಕಡೆ ಏನಾಗುತ್ತದೆ ಎಂದು ದಂಡೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು. ಎಮ್ಮೆ ನೀರಿಗೆ ಅಂಜುವ ಪ್ರಾಣಿಯಲ್ಲ. ಬಿಸಿಲು ಏರಿದರೆ ತಾನಾಗಿಯೇ ಇಳಿಯುತ್ತದೆ. ಮೈ ತಣಿದ ಮೇಲೆ ಮುಂಗಾಲನ್ನು ಇಳಿಜಾರಿಗೆ ಊರುತ್ತದೆ, ಪಾಚಿ ಜಾರಿಸುತ್ತದೆ. ಮತ್ತೆ ಊರುತ್ತದೆ, ಮತ್ತೆ ಜಾರುತ್ತದೆ. ಮೊಣಕಾಲಿನ ಚರ್ಮ ಸುಲಿದು ಕಾಂಕ್ರೀಟಿನ ಮೇಲೆ ಕೆಂಪು ಗೀರು ಬೀಳುತ್ತದೆ. ಸೆಳವು ಅದನ್ನು ಸೇತುವೆಯಿಂದ ಸೇತುವೆಗೆ ನೂಕುತ್ತ ಹೋಗುತ್ತದೆ. ಕೊನೆಗೆ ನೀರಿನ ಮೇಲೆ ಉಳಿಯುವುದು ಕೊಂಬು ಮತ್ತು ಮೂಗಿನ ಹೊಳ್ಳೆ. ಮುಂದೆ ತೂಬೋ, ಸೈಫನ್ನೋ ಇದ್ದರೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಯಾರೋ ಮಿಣಿ ತರುತ್ತಾರೆ. ಕೊರಳಿಗೆ ಹಾಕಿ ಎಳೆದರೆ ಉಸಿರುಗಟ್ಟಿ ಸಾಯುತ್ತದೆ. ಮುಂಗಾಲಿನ ಹಿಂದೆ ಎದೆಯನ್ನು ಬಳಸಿ ಕಟ್ಟಬೇಕು. ಹೊಟ್ಟೆಯಡಿಯಿಂದ ಹಗ್ಗ ದಾಟಿಸಬೇಕೆಂದರೆ ಒಬ್ಬ ನೀರಿಗೆ ಇಳಿಯಲೇಬೇಕು. ಅವನು ಇಳಿಯುತ್ತಾನೆ. ಮೇಲಿನವರು ಟವೆಲ್ಲಿಗೆ ಟವೆಲ್ಲು ಗಂಟುಹಾಕಿ ಅವನ ಕೈಗೆ ಕೊಟ್ಟಿರುತ್ತಾರೆ. ನಾಲ್ಕೈದು ಕ್ವಿಂಟಲಿನ ಪ್ರಾಣಿ ಹೆದರಿಕೆಗೆ ಒಮ್ಮೆ ಹೊರಳಿದರೆ ಸಾಕು.

ಆ ಹೊತ್ತಿನಲ್ಲಿ ಅವನ ಮುಂದೆ “ನಿನ್ನ ಜೀವವೋ ಎಮ್ಮೆಯ ಜೀವವೋ ಆರಿಸಿಕೋ” ಎಂದು ಯಾರೂ ಇಟ್ಟಿರುವುದಿಲ್ಲ. ಅವನ ಲೆಕ್ಕ ಬೇರೆ: ನನಗೆ ಈಜು ಬರುತ್ತದೆ, ನೀರು ಎದೆಮಟ್ಟ, ಐದು ನಿಮಿಷದ ಕೆಲಸ, ಇಬ್ಬರೂ ಮೇಲೆ ಬರುತ್ತೇವೆ. ಬಹಳ ಸಲ ಹಾಗೆಯೇ ಆಗುತ್ತದೆ. ಎಮ್ಮೆಯೂ ಬರುತ್ತದೆ, ಆಳೂ ಬರುತ್ತಾನೆ, ಮೈಕೈ ತರಚಿಕೊಂಡು ಮನೆಗೆ ಹೋಗಿ ಉಣ್ಣುತ್ತಾನೆ. ಅದು ಸುದ್ದಿಯಾಗುವುದಿಲ್ಲ. ನಾವು ಓದುವುದು ಸತ್ತವರ ಸುದ್ದಿಯನ್ನು ಮಾತ್ರ, ಆದ್ದರಿಂದ ಇಳಿದವರೆಲ್ಲ ಸಾಯಲೆಂದೇ ಇಳಿದರು ಎಂಬಂತೆ ಮಾತಾಡುತ್ತೇವೆ. ಅವನನ್ನು ಕೊಂದದ್ದು ಎಮ್ಮೆಯ ಮೇಲಿನ ಮಮತೆ ಎನ್ನುತ್ತೇವೆ. ಮೆಟ್ಟಿಲು ಇಲ್ಲದ ಇಳಿಜಾರು ಕೊಂದಿತು ಎಂದು ಯಾರ ಪಂಚನಾಮೆಯಲ್ಲಿ ಬರುತ್ತದೆ?

ಪ್ರಾಣಾಪಾಯಕ್ಕೆ ಕೈ ಹಾಕಿದವರನ್ನೆಲ್ಲ ನಾವು ಹುಚ್ಚರೆನ್ನುತ್ತೇವೆಯೇ? ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನ್ ಲಿಂಕ್ ಕಡಿದು ಕೊಚ್ಚಿಹೋಯಿತು. ಒತ್ತಡ ಇಳಿಸಲು 33 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ತುಂಬಿದ್ದ ಜಲಾಶಯ ಕಣ್ಣೆದುರೇ ಬರಿದಾಗುತ್ತಿತ್ತು. ಆಗ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಭೋರ್ಗರೆಯುವ ನೀರಿನ ನೆತ್ತಿಯ ಮೇಲೆ ನಿಂತು, ಕ್ರೇನಿನಿಂದ ಇಳಿಬಿಟ್ಟ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಗೇಟಿನ ಜಾಗಕ್ಕೆ ಕೂರಿಸಿದರು. ಹರಿಯುವ ನೀರಿನಲ್ಲೇ ಮಾಡಿದ ಕೆಲಸ ಅದು. ಕಾಲು ಜಾರಿದ್ದರೆ ಹೆಣವೂ ಸಿಗುತ್ತಿರಲಿಲ್ಲ. ವಾರದೊಳಗೆ ನೀರು ನಿಂತಿತು, ನಾಲ್ಕು ಜಿಲ್ಲೆಗಳ ಭತ್ತ ಉಳಿಯಿತು. ಇಡೀ ನಾಡು ಅವರನ್ನು ಕೊಂಡಾಡಿತು, ಮುಖ್ಯಮಂತ್ರಿಯಿಂದ ಹಿಡಿದು ಹಳ್ಳಿಯ ರೈತನವರೆಗೆ ಕೈಮುಗಿದರು. ನಾನೂ ಮುಗಿದೆ. “ಭತ್ತಕ್ಕಾಗಿ ಸಾಯಲು ಹೋದರಂತೆ” ಎಂದು ಒಬ್ಬರೂ ಅನ್ನಲಿಲ್ಲ.

ಅದೇ ಹೊಳೆ, ಅದೇ ನೀರು. ಆ ಭತ್ತದ ಗದ್ದೆಯನ್ನು ರೊಳ್ಳೆ ಹೊಡೆದು ಹದಮಾಡುವ ಎತ್ತಿಗಾಗಿ, ಆ ಗದ್ದೆಯ ಹುಲ್ಲು ತಿಂದು ಹಾಲು ಕೊಡುವ ಎಮ್ಮೆಗಾಗಿ ಇಳಿದವನು ಮಾತ್ರ ಅವಿವೇಕಿ. ಗೇಟಿನ ಮೇಲೆ ನಿಂತವನಿಗೂ ಕಾಲುವೆಗೆ ಇಳಿದವನಿಗೂ ಧೈರ್ಯದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ಹಿಂದೆ ನಿಂತವರಲ್ಲಿ. ಒಬ್ಬನ ಹಿಂದೆ ಕ್ರೇನು, ಎಂಜಿನಿಯರು, ಸರ್ಕಾರ ಇತ್ತು. ಇನ್ನೊಬ್ಬನ ಹಿಂದೆ ಗಂಟುಹಾಕಿದ ಟವೆಲ್ಲು ಇತ್ತು.

ಮನುಷ್ಯನ ಜೀವ ದೊಡ್ಡದು ಎಂಬ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ದೊಡ್ಡದೇ. ಅದು ದೊಡ್ಡದು ಎಂದು ನಿಜವಾಗಿ ನಂಬಿದವರು ಏನು ಮಾಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ. ಮಹಾರಾಷ್ಟ್ರದ ಅಂದಿನ ಅಹ್ಮದ್‌ನಗರ ಜಿಲ್ಲೆಯ ನೆವಾಸಾ ತಾಲ್ಲೂಕಿನ ವಾಕಡಿ ಎಂಬ ಹಳ್ಳಿಯಲ್ಲಿ 2024ರ ಏಪ್ರಿಲ್ 9ರಂದು ನಡೆದದ್ದನ್ನು ನೋಡಿ. ಜೈವಿಕ ಅನಿಲದ ಗುಂಡಿಯಾಗಿ ಬಳಸುತ್ತಿದ್ದ ಹಾಳುಬಾವಿಗೆ ಬೆಕ್ಕೊಂದು ಬಿತ್ತು. ತೆಗೆಯಲು ಒಬ್ಬ ಇಳಿದ, ವಿಷಗಾಳಿಗೆ ಕುಸಿದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ. ಅವನ ಹಿಂದೆ ಮತ್ತೊಬ್ಬ. ಐದು ಜನ ಸತ್ತರು. “ಬೆಕ್ಕಿಗಾಗಿ ಐವರ ಬಲಿ” ಎಂದು ದೇಶವೆಲ್ಲ ಓದಿತು, ತಲೆ ಚಚ್ಚಿಕೊಂಡಿತು. ಆದರೆ ಬೆಕ್ಕಿಗಾಗಿ ಇಳಿದವನು ಮೊದಲಿನವನು. ಉಳಿದವರು ಇಳಿದದ್ದು ತಮ್ಮವರಿಗಾಗಿ. ಅವರನ್ನೂ ಬೆಕ್ಕಿನ ಲೆಕ್ಕಕ್ಕೆ ಬರೆದು ಮುಗಿಸಿದೆವು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದ ಒಬ್ಬನನ್ನು ಮೇಲಿದ್ದವರು ಎಳೆದುಕೊಂಡರು, ಅವನು ಬದುಕಿದ. ಅಂದರೆ ಆ ಬಾವಿಯಲ್ಲಿ ಬದುಕಿಗೂ ಸಾವಿಗೂ ನಡುವೆ ಇದ್ದದ್ದು ಒಂದು ಹಗ್ಗ. ಆ ಹಗ್ಗದ ಬಗ್ಗೆ ಎಷ್ಟು ಜನ ಬರೆದರು?

ಹಳ್ಳಿಯ ಹಾಳುಬಾವಿಯಲ್ಲಿ ಗಾಳಿ ಸತ್ತಿರುತ್ತದೆ, ಎಲೆ ಕೊಳೆತು ಉಸಿರಾಡುವ ಗಾಳಿಯನ್ನು ತಳದಿಂದ ಹೊರದೂಡಿರುತ್ತದೆ ಎಂಬುದು ಬಾವಿ ತೋಡುವ ಹಿರಿಯರಿಗೆ ಗೊತ್ತಿದ್ದ ವಿಷಯ. ದೀಪ ಇಳಿಬಿಟ್ಟು ನೋಡುತ್ತಿದ್ದರು. ಎಲೆಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಹಾಳುಬಿದ್ದವು, ಆ ತಿಳಿವಳಿಕೆಯೂ ಹೋಯಿತು. ಕಟ್ಟೆಯಿಲ್ಲದ ಬಾವಿ ಮಾತ್ರ ಹೊಲದ ನಡುವೆ ಬಾಯಿ ತೆರೆದುಕೊಂಡು ಉಳಿಯಿತು. ಅಂಥ ಬಾವಿಗೆ ಕಟ್ಟೆ ಕಟ್ಟಿಸದವರನ್ನು ನಾವು ಎಂದೂ ಬೈಯುವುದಿಲ್ಲ. ಅದಕ್ಕೆ ಇಳಿದವನನ್ನು ಬೈಯುತ್ತೇವೆ.

ಹೆಂಡತಿ ಮಕ್ಕಳ ಮುಖ ನೋಡಬೇಡವೇ ಎಂಬುದು ಇನ್ನೊಂದು ಮಾತು. ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜ, ನೋಡಬೇಕು. ಆದರೆ ಯಾರು?

ನಮ್ಮ ಊರುಗಳ ಅಗಸೆಯ ಬಳಿ, ಹನುಮಪ್ಪನ ಗುಡಿಯ ಮಗ್ಗುಲಲ್ಲಿ ಎಣ್ಣೆ ಮೆತ್ತಿದ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕೆಳಗಿನ ಪಟ್ಟಿಕೆಯನ್ನು ಕೈಯಿಂದ ಒರೆಸಿ ನೋಡಿ: ಅನೇಕ ಕಲ್ಲುಗಳಲ್ಲಿ ವೀರನ ಹಿಂದೆ ಸಾಲಾಗಿ ಹಸುಗಳು ನಿಂತಿರುತ್ತವೆ. ತುರುಗೋಳಿನಲ್ಲಿ, ಅಂದರೆ ಶತ್ರುಗಳು ಊರ ದನ ಹೊಡೆದುಕೊಂಡು ಹೋಗುವಾಗ ಅಡ್ಡನಿಂತು ಸತ್ತವನ ಕಲ್ಲು ಅದು. ಕನ್ನಡ ನಾಡಿನಲ್ಲಿ ಅಂಥ ಕಲ್ಲುಗಳು ಒಂದೆರಡಲ್ಲ. ಮದ್ದೂರು ಸೀಮೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನು ಉಳಿಸಿದೆ. ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ ಆ ನಾಯಿಯನ್ನೇ ಬೇಡಿ ಪಡೆದವನು ಮಣಲೆರ ಎಂಬ ವೀರ.

ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ ಆ ಕಾಲದವರು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರು. ನೆತ್ತರುಗೊಡಗೆ ಎಂದು ಶಾಸನಗಳು ಅದನ್ನು ಕರೆಯುತ್ತವೆ. ಊರಿನ ದನಕ್ಕಾಗಿ ಒಬ್ಬ ಸತ್ತರೆ ಅವನ ಹೆಂಡತಿ ಮಕ್ಕಳ ಮುಖವನ್ನು ಊರು ನೋಡಬೇಕು ಎಂಬ ಒಪ್ಪಂದ ಅದು. ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ದನ ಹೊಡೆದುಕೊಂಡು ಹೋಗುವ ದೊರೆಗಳೇ ಇದ್ದ ಕಾಲ ಅದು. ಆದರೆ ಈ ಒಂದು ವಿಷಯದಲ್ಲಿ ಅವರು ನಮಗಿಂತ ನೆಟ್ಟಗಿದ್ದರು. ಅಪಾಯ ಊರಿನದು, ಆದ್ದರಿಂದ ಹೊಣೆಯೂ ಊರಿನದು ಎಂದರು. ನಾವು ಅಪಾಯವನ್ನು ಊರ ನಡುವೆ ಕಾಲುವೆಯಾಗಿ ಹರಿಸಿ, ಹೊಣೆಯನ್ನು ಸತ್ತವನ ಕೊರಳಿಗೆ ಕಟ್ಟಿದೆವು.

ಈಗಿನ ಲೆಕ್ಕವನ್ನೂ ನೋಡೋಣ. ಪ್ರಕೃತಿ ವಿಕೋಪದಲ್ಲಿ ಮನುಷ್ಯ ಸತ್ತರೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿ. ಪರಿಹಾರ ಕಾರ್ಯದಲ್ಲಿ ತೊಡಗಿದ್ದಾಗ ಸತ್ತವರೂ ಅದರಲ್ಲಿ ಸೇರುತ್ತಾರೆ. ಆದರೆ ಸಾವಿನ ಕಾರಣವನ್ನು ಅಧಿಕಾರಿ ದೃಢೀಕರಿಸಬೇಕು. ಪ್ರವಾಹವಿಲ್ಲದ ಒಂದು ಸಾದಾ ಮಂಗಳವಾರ ಕಾಲುವೆಯಲ್ಲಿ ಎಮ್ಮೆ ಎಳೆಯುತ್ತ ಸತ್ತವನು ಯಾವ ವಿಪತ್ತಿಗೆ ಸೇರುತ್ತಾನೆ? “ಹುಚ್ಚು” ಎಂಬ ಆ ಮಾತು ಇಲ್ಲಿ ಕೆಲಸ ಮಾಡುತ್ತದೆ. ಅದನ್ನು ಊರೇ ಹೇಳಿಬಿಟ್ಟರೆ ಕಚೇರಿ ಬೇರೆ ಏನೂ ಹೇಳಬೇಕಾಗಿಲ್ಲ.

ಇನ್ನು ಪ್ರಾಣಿಯ ಬೆಲೆ. ಪ್ರವಾಹದಲ್ಲಿ ಹಸು, ಎಮ್ಮೆ ಸತ್ತರೆ 37,500 ರೂಪಾಯಿ, ಎತ್ತು ಸತ್ತರೆ 32,000, ಕುರಿ ಮೇಕೆಗೆ 4,000. ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ನಮ್ಮ ರಾಜ್ಯದ ಅನುಗ್ರಹ ಯೋಜನೆಯಿದೆ. 2025-26ರ ಬಜೆಟ್ಟಿನಲ್ಲಿ ಹಸು, ಎಮ್ಮೆ, ಎತ್ತಿನ ಪರಿಹಾರವನ್ನು 10,000ದಿಂದ 15,000ಕ್ಕೆ, ಕುರಿ ಮೇಕೆಯದನ್ನು 5,000ದಿಂದ 7,500ಕ್ಕೆ ಏರಿಸಿದರು. ಏರಿಸಿದ್ದು ಒಳ್ಳೆಯದೇ. ಆದರೆ ಸಂತೆಗೆ ಹೋಗಿ 15,000ಕ್ಕೆ ಒಂದು ಹಾಲೆಮ್ಮೆ ಹಿಡಿದು ತನ್ನಿ ನೋಡೋಣ. ಒಳ್ಳೆಯ ಉಳುವ ಜೋಡಿಗೆ ಲಕ್ಷ ದಾಟುತ್ತದೆ. ಸಂಘದ ಸಾಲ ತೀರಿರುವುದಿಲ್ಲ, ಡೇರಿಯ ಹಾಲಿನ ಬಿಲ್ಲಿನ ಮೇಲೆ ಮಗಳ ಹಾಸ್ಟೆಲ್ ಫೀ ನಿಂತಿರುತ್ತದೆ. “ದನ ಹೋದರೆ ಇನ್ನೊಂದು ತರಬಹುದು” ಎನ್ನುವವರು ಆ ಇನ್ನೊಂದನ್ನು ಯಾವ ದುಡ್ಡಿನಲ್ಲಿ ತರಬೇಕೆಂದು ಹೇಳುವುದಿಲ್ಲ.

ಹಾಗೆಂದು ಇದೆಲ್ಲ ದುಡ್ಡಿನ ಮಾತು ಎಂದು ನಾನು ಮುಗಿಸಲಾರೆ. ಯಾರದ್ದೂ ಅಲ್ಲದ ಬೀದಿನಾಯಿಯ ಮರಿಗಾಗಿ ಚರಂಡಿಗೆ ತಲೆ ತೂರಿಸುವ ಹುಡುಗನಿಗೆ ಯಾವ ಲಾಭವಿದೆ? ಮೂಕಪ್ರಾಣಿ ಒದರುವುದನ್ನು ಕೇಳಿ ನಿಲ್ಲಲಾಗದ ಕರುಳು ಅದು. ಆ ಕರುಳು ಇರುವವನೇ ನಾಳೆ ಪಕ್ಕದ ಮನೆಯ ಮಗು ಬಿದ್ದಾಗಲೂ ಮೊದಲು ಧುಮುಕುವವನು. ಒಂದನ್ನು ಹುಚ್ಚೆಂದು ಹಳಿದು ಇನ್ನೊಂದನ್ನು ಶೌರ್ಯವೆಂದು ಬಯಸಿದರೆ ಅದು ಸಿಗುವುದಿಲ್ಲ. ಜೀವಿಗಳಲ್ಲಿ ದಯೆ ಇಡಬೇಕೆಂದು ಸಂವಿಧಾನದ 51ಎ ವಿಧಿ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲೇ ಸೇರಿಸಿದೆ. ಕರ್ತವ್ಯ ಮಾಡಲು ಹೋದವನ ಕೈಗೆ ಹಗ್ಗ ಕೊಡುವುದು ಯಾರ ಕರ್ತವ್ಯವೆಂದು ಅಲ್ಲಿ ಬರೆದಿಲ್ಲ. ಅದನ್ನು ನಾವು ಬರೆಯಬೇಕು.

ಹೊಳೆಯ ಕಥೆ ಕಾಲುವೆಗಿಂತ ದೊಡ್ಡದು. ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ. ಇನ್ನೂ ಏರಿದರೆ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ನೀರಡಿಗೆ ಹೋಗುತ್ತದೆ, ಕಂಪ್ಲಿ ಕೋಟೆಯ ಮನೆಗಳಿಗೆ ಹೊಳೆ ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತಂದದ್ದು ಎಲ್ಲರಿಗೂ ನೆನಪಿದೆ. ಪ್ರತಿ ಸಲವೂ ಎಚ್ಚರಿಕೆ ಹೊರಡುತ್ತದೆ: ನದಿಪಾತ್ರದ ಜನರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಯಾವ ಸ್ಥಳಕ್ಕೆ? ಕಾಳಜಿ ಕೇಂದ್ರವೆಂದರೆ ಸಾಮಾನ್ಯವಾಗಿ ಶಾಲೆ, ಇಲ್ಲವೇ ಕಲ್ಯಾಣ ಮಂಟಪ. ಅಲ್ಲಿ ಮನುಷ್ಯರಿಗೆ ಅನ್ನ, ಹಾಸಿಗೆ ಸಿಗುತ್ತದೆ. ಐದು ಎಮ್ಮೆ, ಮೂವತ್ತು ಕುರಿ ಹಿಡಿದು ಬಂದವನಿಗೆ ಗೇಟಿನಲ್ಲೇ ಉತ್ತರ ಸಿಗುತ್ತದೆ. ಬರಗಾಲ ಬಂದರೆ ಗೋಶಾಲೆ, ಮೇವು ಬ್ಯಾಂಕ್ ತೆರೆಯಬೇಕೆಂದು ಸರ್ಕಾರಕ್ಕೆ ಗೊತ್ತಿದೆ. ನೆರೆ ಬಂದಾಗ ಅದೇ ಬುದ್ಧಿ ಏಕೆ ಓಡುವುದಿಲ್ಲ? ಮನುಷ್ಯ ಬಂದು ದನ ಹಿಂದೆ ಉಳಿದರೆ, ಅವನು ನಡುರಾತ್ರಿ ಎದ್ದು ಹಿಂತಿರುಗುತ್ತಾನೆ. ಹಾಗೆ ಹಿಂತಿರುಗಿದವನನ್ನೇ ನಾವು ಮರುದಿನ ಅವಿವೇಕಿ ಎನ್ನುವುದು.

2020ರ ಆಗಸ್ಟಿನಲ್ಲಿ ಯಾದಗಿರಿ ಜಿಲ್ಲೆಯ ನಾರಾಯಣಪುರ ಜಲಾಶಯದ ಕೆಳಗೆ ಕೃಷ್ಣೆಯ ನಡುಗಡ್ಡೆಯಲ್ಲಿ ಕುರಿಗಾಹಿಯೊಬ್ಬ 200ಕ್ಕೂ ಹೆಚ್ಚು ಕುರಿಗಳ ಜೊತೆ ದಿನಗಟ್ಟಲೆ ಸಿಕ್ಕಿಕೊಂಡಿದ್ದ. ಎನ್‌ಡಿಆರ್‌ಎಫ್ ತಂಡ ಸೆಳವಿನಲ್ಲಿ ದೋಣಿ ಹಾಕಿ ಅವನನ್ನು ಕರೆತಂದಿತು. ಕುರಿ ಬಿಟ್ಟು ಮೊದಲೇ ಬರಬಾರದಿತ್ತೇ ಎಂದವರಿಗೆ ಲೆಕ್ಕವಿಲ್ಲ. ಅಮೆರಿಕದಲ್ಲೂ ಇದೇ ಮಾತು ಕೇಳಿಬಂದಿತ್ತು. 2005ರ ಕತ್ರಿನಾ ಚಂಡಮಾರುತದಲ್ಲಿ ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರೆವೆಂದು ಎಷ್ಟೋ ಜನ ಮುಳುಗುವ ಮನೆಯಲ್ಲೇ ಉಳಿದರು. ಅಲ್ಲಿಯ ಸಂಸತ್ತು ಅವರಿಗೆ ಬುದ್ಧಿ ಹೇಳಲಿಲ್ಲ. 2006ರಲ್ಲಿ ಕಾನೂನು ಮಾಡಿ, ತೆರವು ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗ ಇರಬೇಕೆಂದು ರಾಜ್ಯಗಳಿಗೆ ಕಡ್ಡಾಯ ಮಾಡಿತು. ಪ್ರಾಣಿಯನ್ನು ಉಳಿಸದೆ ಮನುಷ್ಯನನ್ನು ಉಳಿಸಲಾಗದು ಎಂಬ ಅನುಭವದಿಂದ ಬಂದ ಕಾನೂನು ಅದು. ನಾಯಿ ಬೆಕ್ಕಿಗೆ ಅಷ್ಟಾದರೆ, ಇಡೀ ಬದುಕೇ ಕುರಿಹಿಂಡಿನಲ್ಲಿರುವ ನಮ್ಮ ಕುರುಬರಿಗೆ ಎಷ್ಟಾಗಬೇಕು!

ಕಾಡುಪ್ರಾಣಿಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಇಳಿಯುವವನು ಒಡೆಯನಲ್ಲ, ಬಹಳ ಸಲ ದಿನಗೂಲಿ ವಾಚರ್. 1994ರಲ್ಲಿ ದರೋಜಿ ಕರಡಿಧಾಮವಾಯಿತು. ಸಂಡೂರಿನ ಗುಡ್ಡಗಳನ್ನು ಗಣಿ ತಿಂದದ್ದು ನಾಡಿಗೇ ಗೊತ್ತು. ಕರಡಿ, ಚಿರತೆ ಹೊಲಕ್ಕೆ ಇಳಿಯುತ್ತವೆ, ಹಂದಿಗೆಂದು ಒಡ್ಡಿದ ತಂತಿಯ ಉರುಳಿಗೆ ಬೀಳುತ್ತವೆ, ಕಟ್ಟೆಯಿಲ್ಲದ ಬಾವಿಗೆ ಬೀಳುತ್ತವೆ. ಹೊಟ್ಟೆಗೆ ತಂತಿ ಬಿಗಿದ ಕರಡಿಯ ಹತ್ತಿರ ಹೋಗುವುದೆಂದರೆ ಏನೆಂದು ಕರಡಿ ಪರಚಿದ ಮುಖಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯನ್ನು ಹಿಡಿಯಲು ನೆರವಾಗುತ್ತಿದ್ದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ತೀವ್ರವಾಗಿ ಗಾಯಗೊಂಡರು. ಗುಣವಾಗಿ ಮತ್ತೆ ಚಿರತೆಗಳ ಅಧ್ಯಯನಕ್ಕೇ ಮರಳಿದರು. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹೊಡೆಯಹೋದ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಸಿಕ್ಕಿ ಸತ್ತರು. ಇಡೀ ಜನ್ಮ ಆನೆಗಳ ನಡುವೆ ಕಳೆದ ಮನುಷ್ಯ. ಅವರ ಬಗ್ಗೆಯೂ “ಏಕೆ ಹೋಗಬೇಕಿತ್ತು” ಎಂದವರಿದ್ದಾರೆ. ಆ ಆನೆಯನ್ನು ಹಾಗೇ ಬಿಟ್ಟಿದ್ದರೆ ಗಾಯದ ಸಿಟ್ಟಿನಲ್ಲಿ ಅದು ಯಾವ ಕಾಫಿ ತೋಟದ ಕೂಲಿಯವರನ್ನು ತುಳಿಯುತ್ತಿತ್ತೆಂದು ಅವರು ಕೇಳಿಕೊಳ್ಳಲಿ.

ಇಲ್ಲಿ ಒಂದು ಮಾತು ನಮ್ಮವರಿಗೇ ಹೇಳಬೇಕು. ಇಂಥ ಕಡೆ ದೊಡ್ಡ ಅಪಾಯ ಪ್ರಾಣಿಯಲ್ಲ, ಜನಜಂಗುಳಿ. ಬಾವಿಯ ಸುತ್ತ ಸಾವಿರ ಜನ ಕೂಗುತ್ತಿದ್ದರೆ ಕರಡಿ ಹತ್ತುವುದಿಲ್ಲ. ಏಣಿಯನ್ನೋ ಮರದ ಬೊಡ್ಡೆಯನ್ನೋ ಇಳಿಬಿಟ್ಟು, ದೀಪ ಆರಿಸಿ, ಎಲ್ಲರೂ ದೂರ ಸರಿದರೆ ರಾತ್ರಿ ತಾನೇ ಹತ್ತಿ ಹೋಗುತ್ತದೆ. ಅವಸರ ಮಾಡಿದರೆ ಏನಾಗುತ್ತದೆಂದು 2023ರ ಏಪ್ರಿಲ್‌ನಲ್ಲಿ ಕೇರಳದ ವೆಳ್ಳನಾಡಿನಲ್ಲಿ ಕಂಡಿತು. ನೀರಿದ್ದ ಬಾವಿಯಲ್ಲೇ ಕರಡಿಗೆ ಅರಿವಳಿಕೆ ಹೊಡೆದರು, ಅದು ಮುಳುಗಿ ಸತ್ತಿತು. ಮೊಬೈಲ್ ಹಿಡಿದು ಹಾವಿನ ಬಾಲ ಎತ್ತುವ ಹುಡುಗರನ್ನು ಹೊಗಳುವುದೂ ಇದೇ ಅವಸರದ ಇನ್ನೊಂದು ಮುಖ. ಬೆಳಿಗ್ಗೆ ವಿಡಿಯೋ ನೋಡಿ ಹುಲಿ ಎನ್ನುತ್ತೇವೆ, ಸಂಜೆ ಕಚ್ಚಿ ಸತ್ತರೆ ಹುಚ್ಚ ಎನ್ನುತ್ತೇವೆ. ಕೊಕ್ಕೆ, ಚೀಲ, ತರಬೇತಿ ಕೊಡಿಸುವ ಕೆಲಸ ಎರಡು ಹೊತ್ತೂ ಉಳಿದೇ ಇರುತ್ತದೆ. ಹಾವಿನ ಕಡಿತವನ್ನು 2024ರಲ್ಲಿ ರಾಜ್ಯ ಸರ್ಕಾರ ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿ ಪ್ರತಿ ಪ್ರಕರಣವನ್ನೂ ದಾಖಲಿಸಲು ಹೇಳಿತು. ಹಾವು ಹಿಡಿದು ಊರಿಗೆ ಉಪಕಾರ ಮಾಡುವವನನ್ನೂ ಹಾಗೆ ದಾಖಲೆಗೆ ತಂದು ರಕ್ಷಣೆ ಕೊಡಬೇಕಾಗಿದೆ.

ದುಡ್ಡಿಲ್ಲ, ಮನುಷ್ಯರನ್ನು ನೋಡಿಕೊಳ್ಳಲೇ ಸಾಲದು ಎಂದು ಕೊನೆಗೆ ಹೇಳುತ್ತಾರೆ. ಇರುವುದನ್ನಾದರೂ ನೋಡೋಣ. ಜಾನುವಾರಿಗೆ ಕಾಯಿಲೆಯಾದರೆ 1962 ಒತ್ತಿದರೆ ಪಶು ಆಂಬುಲೆನ್ಸ್ ಬರುತ್ತದೆ. ಕಾಡುಪ್ರಾಣಿ ಬಂದರೆ ಅರಣ್ಯ ಇಲಾಖೆಯ 1926. ಬೆಂಕಿ, ಅಪಘಾತಕ್ಕೆ 112. ಕಾಲುವೆಗೆ ಬಿದ್ದ ಎತ್ತು ಕಾಯಿಲೆಯ ಪ್ರಾಣಿಯಲ್ಲ, ಕಾಡಿನದೂ ಅಲ್ಲ. ಕಾಲುವೆ ಒಬ್ಬರದು, ದಂಡೆ ಇನ್ನೊಬ್ಬರದು, ಜಲಾಶಯ ಮಂಡಳಿಯದು. ಹೊಳೆಯೋ ಈ ಭಾಗದಲ್ಲೇ ವಿಜಯನಗರ, ಕೊಪ್ಪಳ, ಬಳ್ಳಾರಿ ಎಂಬ ಮೂರು ಜಿಲ್ಲೆಗಳನ್ನು ಮುಟ್ಟಿ ಹರಿಯುತ್ತದೆ. ಫೋನು ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಎತ್ತು ಎರಡು ಸೇತುವೆ ದಾಟಿರುತ್ತದೆ, ಅದರ ಒಡೆಯ ನೀರಿನಲ್ಲಿರುತ್ತಾನೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಸರ್ಕಾರವೇ ಘೋಷಿಸಿದೆ. ಅಷ್ಟು ದೂರ ಕಾವಲು ಹೇಗಿರಬೇಕೆಂದು ಯೋಚಿಸುವಾಗಲೇ ಬೆಸ್ತರ, ಅಂಬಿಗರ ಹರಿಗೋಲುಗಳನ್ನು ಗೌರವಧನ ಕೊಟ್ಟು ರಕ್ಷಣಾ ಪಡೆಯಾಗಿ ಸೇರಿಸಿಕೊಳ್ಳಬಹುದು. ನೆರೆ ಬಂದಾಗ ಹರಿಗೋಲು ಹಾಕಬೇಡಿ ಎಂದು ನಿಷೇಧಿಸುತ್ತೇವೆ, ನಡುಗಡ್ಡೆಯಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಅದೇ ಅಂಬಿಗರ ಮನೆಗೆ ಓಡುತ್ತೇವೆ. ಅವರಿಗೆ ಲೈಫ್ ಜಾಕೆಟ್ಟು, ವಿಮೆ, ಒಂದು ಗುರುತಿನ ಚೀಟಿ ಕೊಡುವುದಕ್ಕೆ ಎಷ್ಟು ಕೋಟಿ ಬೇಕು?

ಕಾಲುವೆಗೆ ಬೇಕಾದದ್ದು ಇನ್ನೂ ಕಡಿಮೆ. ಊರು, ಕ್ಯಾಂಪು, ದನದ ದಾರಿ ಇರುವ ಕಡೆಯಲ್ಲೆಲ್ಲ ಕಾಂಕ್ರೀಟ್ ಅಂಚನ್ನು ಸೀಳಿ, ಗೊರಸು ಹಿಡಿಯುವಂತೆ ಅಡ್ಡಗೆರೆ ಕೊಟ್ಟ ಅಗಲವಾದ ಇಳಿಜಾರು ಮಾಡಬೇಕು. ಸುರಂಗ, ಸೈಫನ್ನುಗಳ ಮುಂದೆ ತೇಲುಬುರುಡೆ ಕಟ್ಟಿದ ಅಡ್ಡ ಸರಪಳಿ ಇರಬೇಕು. ಅದು ದನವನ್ನೂ ತಡೆಯುತ್ತದೆ, ಈಜಲು ಹೋಗಿ ಕೊಚ್ಚಿಹೋಗುವ ಹುಡುಗರನ್ನೂ ತಡೆಯುತ್ತದೆ. ಸೇತುವೆಯ ಪಕ್ಕದ ಡಬ್ಬಿಯಲ್ಲಿ ಗಟ್ಟಿ ಹಗ್ಗ, ಒಂದು ತೇಲುಬಳೆ. 19ನೇ ಗೇಟು ಹೋದ ಮೇಲೆ ತುಂಗಭದ್ರೆಯ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಗೇಟಿನ ಕೆಲಸ ನಡೆಯುವುದು ನೀರಿಲ್ಲದ ಬೇಸಿಗೆಯಲ್ಲಿ, ಕಾಲುವೆಗಳೂ ಒಣಗಿರುವ ಹೊತ್ತಿನಲ್ಲಿ. ಅಂಥ ಅಂದಾಜು ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ, ಎಂಜಿನಿಯರುಗಳು ಒಮ್ಮೆ ಒಣ ಕಾಲುವೆಯಲ್ಲಿ ನಡೆದು ಬರಲಿ. ಎಲ್ಲಿ ಇಳಿಜಾರು ಬೇಕೆಂದು ಗುರುತು ಹಾಕಲು ದನ ಕಾಯುವ ಹುಡುಗರನ್ನು ಜೊತೆಗೆ ಕರೆದುಕೊಳ್ಳಲಿ. ಯಾವ ತಿರುವಿನಲ್ಲಿ ಎಮ್ಮೆ ಇಳಿಯುತ್ತದೆ, ಎಲ್ಲಿ ಹತ್ತಲಾಗದೆ ಸೋಲುತ್ತದೆ ಎಂಬುದು ಅವರಿಗೆ ಗೊತ್ತಿದೆ.